ಬರೆಯದೆ ಉಳಿದದ್ದು

ಪ್ರಯೋಗಶಾಲೆಯ ಬಾಗಿಲು ತೆರೆದು ಅಮೋಲ ಮೂರನೆಯ ಸಲ ಹೊರಗೆ ಬಂದ. ಈ ಸಲ ಅವನ ಅಂಗಿಯ ಕಂಕುಳು ಒದ್ದೆಯಾಗಿತ್ತು.

"ಮಾಮಾ, ಬಾಟ್ಲಿ ಅದಽ ಹೌದಲ್ರಿ? ಬ್ಯಾರೇದ ತಂದಿಲ್ಲಲ್ರಿ?"

ಯಲಗೂರಪ್ಪ ಬೆಂಚಿನ ಮೇಲೆ ಕುಳಿತಲ್ಲಿಂದಲೇ ಅವನನ್ನು ನೋಡಿದ. ತೊಡೆಯ ಮೇಲೆ ನೈಲಾನ್ ಚೀಲ, ಚೀಲದ ಮೇಲೆ ಎರಡೂ ಕೈ. ಮೂವತ್ತೆಂಟು ವರ್ಷ ಇಚಲಕರಂಜಿಯ ಡೈಹೌಸಿನಲ್ಲಿ ನೂಲಿಗೆ ಬಣ್ಣ ಹಾಕಿದ ಕೈಗಳು. ಉಗುರಂಚಿನ ಗುಲಾಬಿ ಬಣ್ಣ ಈಗ ಚರ್ಮದ್ದೇ ಆಗಿತ್ತು.

"ಅದಽ ಐತಿ ತಮ್ಮಾ. ಬಣ್ಣಾ ಅಂದ್ರ ಹಂಗಽ. ಮನಸು ಬಂದ್ರ ಕೂಡತೈತಿ, ಇಲ್ಲಂದ್ರ ಇಲ್ಲ."

ಅಮೋಲ ಒಳಗೆ ಹೋದ. ಬಾಗಿಲಿಗೆ ಮುಖದಗಲದ ಗಾಜು ಕೂರಿಸಿದ್ದರು. ಅದರಲ್ಲಿ ಎಲ್ಲವೂ ಕಾಣುತ್ತಿತ್ತು: ದೊಡ್ಡ ಯಂತ್ರ ಕೊಡಬೇಕೋ ಬೇಡವೋ ಎಂದು ನೋಡಲು ದಿಲ್ಲಿಯಿಂದ ಬಂದಿದ್ದ ಮೂವರು, ಅವರ ಮುಂದೆ ಸುಮ್ಮನೆ ನಗುತ್ತಿದ್ದ ಶಂಕರಲಿಂಗ ಸರ್, ಏನೂ ಮೂಡದ ಪರದೆ. ಗೋಡೆಯ ಮೂಲೆಯಲ್ಲಿ, ಕೈ ಹಿಂದೆ ಕಟ್ಟಿಕೊಂಡು ನಿಂತ, ಸರ್ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದ ಯಲಗೂರಪ್ಪನ ಮಗಳು ಮಯೂರಿ. ಅವಳು ಪರದೆ ನೋಡುತ್ತಿರಲಿಲ್ಲ, ಬಾಗಿಲನ್ನೇ ನೋಡುತ್ತಿದ್ದಳು.

ಒಳಗಿದ್ದದ್ದು ಕೆಟ್ಟ ಬಾಟಲಿ. ಒಳ್ಳೆಯದು ಅವನ ಕೈಯ ಕೆಳಗೆ, ಚೀಲದಲ್ಲಿತ್ತು.

ಒಂದೂವರೆ ವರ್ಷದ ಹಿಂದೆ ಯಲಗೂರಪ್ಪ ಮೊದಲ ಬಾಟಲಿ ಹಿಡಿದು ಕೊಲ್ಹಾಪುರದ ಈ ಬಾಗಿಲಿಗೆ ಬಂದಿದ್ದ. ಶಂಕರಲಿಂಗ ಸರ್ ಗಡಹಿಂಗ್ಲಜದವರು, ಮನೆಯಲ್ಲಿ ಅಚ್ಚಕನ್ನಡ. ಆದರೆ ಅವನ ಉಗುರು ನೋಡಿದ ಮೇಲೆ ಅವರ ಬಾಯಿಂದ ಬಂದದ್ದು ಮರಾಠಿ. "ಬಾಹೇರ ಥಾಂಬಾ, ಮಾಮಾ." ಹೊರಗೆ ನಿಲ್ಲಿ ಎಂದು. ಬೆಂಚೂ ಇಲ್ಲದ ಪಡಸಾಲೆಯಲ್ಲಿ ಒಂದೂವರೆ ತಾಸು ನಿಂತಿದ್ದ. ಅದನ್ನಾದರೂ ಮರೆಯುತ್ತಿದ್ದನೇನೋ. ಹೋದ ತಿಂಗಳು ಮಯೂರಿ ಮನೆಗೆ ಬಂದು ಉಣ್ಣದೆ ಕುಳಿತಳು. ತಾಯಿ ಸಾವಕ್ಕ ಮೂರು ಸಲ ತಾಟು ಬೆಚ್ಚಗೆ ಮಾಡಿದ ಮೇಲೆ ಬಾಯಿ ಬಿಟ್ಟಳು. ಅವಳ ಕೆಲಸ ಲೇಖನವಾಗಿ ಅಚ್ಚಾಗಿತ್ತು. ಮೊದಲ ಹೆಸರು ಸರ್‌ದು, ಎರಡನೆಯದು ಆರು ತಿಂಗಳ ಹಿಂದೆ ಬಂದ ಅವರ ತಂಗಿಯ ಮಗ ಅಮೋಲನದು.

"ನಿಂದು?"

"ಕಡೀಕ ಆಭಾರ ಅಂತ ಬರೀತಾರಲ್ಲಪ್ಪಾ, ಅಲ್ಲಿ. ಕರೆಂಟ್ ರಿಪೇರಿ ಮಾಡಿದಾಂವನ ಕೆಳಗ."

ಆವತ್ತು ಹತ್ತಿದ ಸಿಟ್ಟು ಪಕ್ಕಾ ಬಣ್ಣ. ಎಷ್ಟು ಒಗೆದರೂ ನೀರಿಗೆ ಬಿಡಲಿಲ್ಲ.

ಕೆಲಸ ಏನೆಂದು ಅವಳೇ ಒಮ್ಮೆ ಅಡುಗೆಮನೆಯಲ್ಲಿ ಎರಡು ಸ್ಟೀಲ್ ತಾಟು ಎದುರುಬದುರು ಹಿಡಿದು ತಿಳಿಸಿದ್ದಳು. "ಬೆಳಕಿಗೆ ನಿಲ್ಲೂದು ಗೊತ್ತಿಲ್ಲಪ್ಪಾ. ಅದನ್ನ ನಿಲ್ಲಸ್ಬೇಕು. ಎರಡು ಕನ್ನಡಿ, ನಡುವ ಕೂದಲಕ್ಕಿಂತ ಸಣ್ಣ ಸಂದಿ, ಸಂದಿಯೊಳಗ ಬಣ್ಣದ ನೀರು. ಬೆಳಕಿನ ಕಣ ಒಳಗ ಹೊಕ್ಕಿತಂದ್ರ ಹೊರಗ ಹಾದಿ ಇಲ್ಲ. ಬಣ್ಣ ಅದನ್ನ ನುಂಗತೈತಿ, ಉಗುಳತೈತಿ, ಮತ್ತ ನುಂಗತೈತಿ. ಹಂಗ ಮಾಡಿ ಮಾಡಿ ಬಣ್ಣ ಎಷ್ಟು ಬೆಚ್ಚಗೈತೋ ಬೆಳಕೂ ಅಷ್ಟಽ ಬೆಚ್ಚಗಾಗತೈತಿ. ಡಬ್ಬಿಯೊಳಗಿನ ಗಾಳಿ ಹಂಗ ಅಡ್ಡಾಡತೈತಿ."

"ಬೆಳಕು ಗಾಳಿ ಆತು ಅನ್ನು."

"ಗಾಳಿ ಹಂಗ ಆತು. ಇನ್ನಷ್ಟು, ಇನ್ನಷ್ಟು ತುಂಬಿದ್ರ ಎಲ್ಲಾ ಕೂಡಿ ತಳಕ್ಕ ಇಳೀತಾವು. ನಟ್ಟನಡುವ ಒಂದು ಹಳದಿ ಚುಕ್ಕಿ."

"ಹಬಿ ಮುಚ್ಚಳಕ್ಕ ಹನಿ ಕಟ್ಟಿದಂಗ."

ಮಯೂರಿ ತಾಟು ಹಿಡಿದುಕೊಂಡೇ ಅಪ್ಪನ ಮುಖ ನೋಡಿದ್ದಳು. "ಹೆಚ್ಚೂಕಡಿಮಿ ಹಂಗಽ. ಆದ್ರ ನಾ ಕಲಸಿದ ಬಣ್ಣ ಗಂಟ ಕಟ್ಟತೈತಪ್ಪಾ. ನುಂಗತೈತಿ, ಉಗುಳೂದಿಲ್ಲ."

ಬಣ್ಣ ಗಂಟು ಕಟ್ಟುವುದನ್ನು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ತಾನೇ ಬಣ್ಣ ಕಲಸಿ, ಸಣ್ಣ ಬಾಟಲಿಯಲ್ಲಿ ತುಂಬಿ ಕೊಟ್ಟ. ಎರಡೇ ಹನಿ ಹಾಕಿದ್ದಕ್ಕೆ ಚುಕ್ಕಿ ಬಂತು. ಬಾಟಲಿ ತೀರಿದಾಗಲೆಲ್ಲ ಇನ್ನೊಂದು ಕೊಟ್ಟ. ಕೊಟ್ಟಾಗಲೆಲ್ಲ ಹೇಗೆ ಮಾಡಿದ್ದೆಂದು ಅವಳು ಕೇಳಿದಳು, ಅವನು ನಕ್ಕ.

ಡೈಹೌಸಿನಲ್ಲಿ ಯಾವ ಬಣ್ಣ, ಎಷ್ಟು, ಎಷ್ಟು ಹೊತ್ತು ಎಂಬುದೆಲ್ಲ ವಹಿಯಲ್ಲಿರುತ್ತದೆ. ವಹಿ ಮಾಲಕನ ಕಪಾಟಿನಲ್ಲಿರುತ್ತದೆ. ಅದಕ್ಕೇ ಯಾವ ಬಣ್ಣದ ಮಾಸ್ತರನೂ ಒಂದನ್ನು ಬರೆಯದೆ ಬಿಡುತ್ತಾನೆ. ಎಲ್ಲ ಬರೆದುಕೊಟ್ಟ ಮಾಸ್ತರನಿಗೆ ಮರುದಿನವೇ ಹಾರ ಹಾಕಿ ಗೇಟು ತೋರಿಸಿದ್ದನ್ನು ಯಲಗೂರಪ್ಪ ಮೂರು ಸಲ ಕಂಡಿದ್ದ. ಅವನ ಗುರು ಬಾಳಗೊಂಡ ತಾನು ಬರೆಯದೆ ಬಿಟ್ಟದ್ದನ್ನು ಕೆಲಸ ಬಿಡುವ ಹಿಂದಿನ ದಿನ ಅವನ ಕಿವಿಯಲ್ಲಿ ಹೇಳಿದ್ದ.

"ಅಪ್ಪಾ, ಇದು ಡೈಹೌಸ್ ಅಲ್ಲ. ಬರೀಲಿಲ್ಲಂದ್ರ ಯಾರೂ ನಂಬೂದಿಲ್ಲ."

"ನಂಬದಿದ್ರ ಬಿಡ್ಲಿ. ನಿನ್ನ ಹೊರಗಂತೂ ಹಾಕೂದಿಲ್ಲ."

ಹೋದ ವಾರ ಸರ್ ತಾವೇ ಫೋನು ಮಾಡಿದ್ದರು, ಕನ್ನಡದಲ್ಲಿ. ಗುರುವಾರ ದಿಲ್ಲಿಯವರು ಬರುತ್ತಾರೆ, ಒಂದು ಬಾಟಲಿ ಬೇಕು. "ತರತೇನ್ರಿ ಸಾಹೇಬ್ರ," ಎಂದಿದ್ದ. ಎರಡು ಮಾಡಿದ. ಕೆಟ್ಟದ್ದನ್ನು ಒಳ್ಳೆಯದರಷ್ಟೇ ಮುತುವರ್ಜಿಯಿಂದ ಮಾಡಿದ. ಬೆಳಿಗ್ಗೆ ಗೇಟಿನಲ್ಲಿ ಮಗಳಿಗೆ ಹೇಳಿದ: "ಇವತ್ತ ಚುಕ್ಕಿ ಬರೂದಿಲ್ಲ." ಅವಳು, "ಬರಬಾರದು," ಎಂದಿದ್ದಳು.

ಈಗ ಬಾಗಿಲು ತೆರೆದು ಶಂಕರಲಿಂಗ ಸರ್ ತಾವೇ ಹೊರಗೆ ಬಂದರು. ಹಿಂದೆ ಬಾಗಿಲೆಳೆದುಕೊಂಡರು.

"ಯಲಗೂರಪ್ಪನವರ, ಏನ ಮಾಡೂದ್ರಿ ಈಗ?"

"ಕನ್ನಡಾ ಬರತೈತೇನ್ರಿ ಸಾಹೇಬ್ರ ನಿಮಗ?"

ಸರ್ ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡರು. "ಮರ್ಯಾದಿ ಹೋಗತೈತ್ರಿ. ಒಳಗ ಬಂದು ಒಂಚೂರು ನೋಡ್ರಿ."

"ಹೊರಗ ನಿಂದ್ರು ಅಂದೀರಿ, ನಿಂತೇನಿ. ಇವತ್ತ ಬೆಂಚು ಹಾಕೀರಿ, ಕುಂತೇನಿ." ಯಲಗೂರಪ್ಪ ಚೀಲವನ್ನು ಎದೆಗೆಳೆದುಕೊಂಡ. "ಈ ಕೆಲಸ ಯಾರದು ಅಂತ ಅವರ ಮುಂದ ಹೇಳ್ರಿ ಮೊದಲ. ಜೋರಾಗಿ ಹೇಳ್ರಿ, ನನಗ ಇಲ್ಲಿ ಕೇಳಸ್ಬೇಕು."

"ನಾ ಏನ ಅನ್ಯಾಯ ಮಾಡೇನ್ರಿ? ಬಾಟ್ಲಿಯೊಳಗ ಏನ ಮಾಡಿ ತುಂಬ್ಯಾರ ಅಂತ ನಿಮ್ಮ ಮಗಳನ್ನ ಮೂರ ಸಲ ಕೇಳೇನಿ. ಗೊತ್ತಿಲ್ಲಂದ್ಲು. ಗೊತ್ತಿಲ್ಲದವರ ಹೆಸರು ಹೆಂಗ್ರಿ ಹಾಕೂದು?"

"ಅಮೋಲಗ ಗೊತ್ತಿತ್ತೇನ್ರಿ?"

ಸರ್ ಬಾಗಿಲು ತೆರೆದಿಟ್ಟೇ ಒಳಗೆ ಹೋದರು. ಹಿಂದಿಯಲ್ಲಿ ಹೇಳಿದರು. ಧ್ವನಿ ಮೊದಲು ಸಣ್ಣದಿತ್ತು, ಬಾಗಿಲ ಕಡೆ ನೋಡಿ ದೊಡ್ಡದು ಮಾಡಿದರು. "ಯೇ ಕಾಮ್ ಮಯೂರಿ ಕಾ ಹೈ. ಶುರೂ ಸೇ." ಮೊದಲಿನಿಂದಲೂ ಈ ಕೆಲಸ ಮಯೂರಿಯದು ಎಂದು. ಅಮೋಲ ನೆಲ ನೋಡಿದ. ಮೂವರಲ್ಲಿ ಒಬ್ಬ ಹೆಂಗಸು ಮುಂದಿನ ಕಾಗದ ತೆಗೆದು, ಹೆಸರುಗಳ ಮೇಲೆ ಬೆರಳಾಡಿಸಿ, ಪೆನ್ನಿನ ಮುಚ್ಚಳ ಬಿಚ್ಚಿದಳು.

ಯಲಗೂರಪ್ಪ ಚಪ್ಪಲಿ ಹಾಕಿಕೊಂಡೇ ಒಳಗೆ ಹೋದ. ಮೂವತ್ತೆಂಟು ವರ್ಷದಲ್ಲಿ ಯಾವ ಬಣ್ಣವೂ ಅವನಿಗೆ ಇಷ್ಟು ಸಮನಾಗಿ ಕೂತಿರಲಿಲ್ಲ. ಚೀಲದಿಂದ ಬಾಟಲಿ ತೆಗೆದು ಮಗಳ ಮುಂದೆ ಹಿಡಿದ.

ಮಯೂರಿ ಕೈ ಚಾಚಲಿಲ್ಲ. "ಹೆಂಗ ಮಾಡಿದಿ ಹೇಳು. ಬರಕೋಬೇಕು."

ಎಲ್ಲರೂ ನೋಡುತ್ತಿದ್ದರು. ಅವನು ಬಾಗಿ, ಬಾಳಗೊಂಡ ತನಗೆ ಹೇಳಿದ ಹಾಗೆಯೇ, ಅವಳ ಕಿವಿಯಲ್ಲಿ ಹೇಳಿದ. "ನೀರು ಕಾಸಿ, ಅಂಗೈ ಬಿಸಿಗೆ ಆರಸ್ಬೇಕು. ಮೊದಲ ಸೋಪು, ಆಮ್ಯಾಲ ಬಣ್ಣ. ನೀ ಬಣ್ಣಾ ಮೊದಲ ಹಾಕತಿದ್ದಿ."

"ಅಷ್ಟಽನಾ?"

"ಅಷ್ಟಽ."

ಬಾಳಗೊಂಡ ಹೇಳಿದ ದಿನ ಯಲಗೂರಪ್ಪ ಅವನ ಕಾಲಿಗೆ ಬಿದ್ದಿದ್ದ. ಮಯೂರಿ ಹಾಗೆಯೇ ನಿಂತಳು. ತಿಂಗಳಿಂದ ಶಂಕರಲಿಂಗ ಸರ್‌ರನ್ನು ನೋಡುತ್ತಿದ್ದ ನೋಟದಿಂದಲೇ ಅವನನ್ನು ನೋಡಿದಳು.

"ಸರ್ ಮೂರ ಸಲ ಕೇಳಿದ್ರು," ಎಂದಳು, ಅವನಿಗಷ್ಟೇ ಕೇಳುವಂತೆ. "ನಿನ್ನ ಎಷ್ಟ ಸಲ ಕೇಳೇನಿ ನಾ?"

"ಎಲ್ಲಾ ಹೇಳಿದ್ರ ಗೇಟು ತೋರಸ್ತಾರವ್ವಾ..."

ಅವಳು ವಹಿ ತೆರೆದು ನಿಂತಲ್ಲೇ ಎರಡು ಸಾಲು ಬರೆದಳು. ತಾರೀಖು ಹಾಕಿದಳು. ಆಮೇಲೆ ಬಾಟಲಿ ತೆಗೆದುಕೊಂಡಳು.

"ಲೈಟ್ ಆರಸ್ಬೇಕು, ಒಳಗ ಮಂದಿ ಭಾಳ ಆಗೇತಿ. ಸರ್, ಹೊರಗ ನಿಂದರ್ರಿ. ಅಮೋಲ, ನೀನೂ."

ಶಂಕರಲಿಂಗ ಸರ್ ಒಂದು ಕ್ಷಣ ನಿಂತು, ಹೊರಟರು. ಅಮೋಲ ಅವರ ಹಿಂದೆ. ಯಲಗೂರಪ್ಪ ನಗು ನುಂಗಿಕೊಂಡು, ಮಗಳು ಬೆಳಗಿನಿಂದ ನಿಂತಿದ್ದ ಗೋಡೆಯ ಮೂಲೆಗೆ ಸರಿದ. ಚೆನ್ನಾಗಿ ಕಾಣುವ ಜಾಗ.

"ಅಪ್ಪಾ," ಎಂದಳು ಮಯೂರಿ, ಕನ್ನಡಿಯ ತಿರುಪಿನಿಂದ ಕಣ್ಣೆತ್ತದೆ. "ನೀನೂ ಹೊರಗ ನಿಂದ್ರು."

ಬಾಗಿಲು ಮುಚ್ಚಿತು. ಅಮೋಲ ನೀರು ಕುಡಿಯುವ ನೆಪದಲ್ಲಿ ಮೆಟ್ಟಿಲಿಳಿದು ಹೋದ. ಬೆಂಚಿನ ಒಂದು ತುದಿಗೆ ಸರ್ ಕುಳಿತರು, ಇನ್ನೊಂದು ತುದಿಗೆ ಯಲಗೂರಪ್ಪ. ನಡುವೆ ಬರಿದಾದ ನೈಲಾನ್ ಚೀಲ. ಗಾಜಿನಲ್ಲಿ ಕತ್ತಲಾಯಿತು, ಒಳಗೆ ಹಸಿರು ಕಿರಣವೊಂದು ಹೊತ್ತಿತು. ತುಸು ಹೊತ್ತಿಗೆ ಒಳಗಿನಿಂದ ಆ ಹೆಂಗಸಿನ ಧ್ವನಿ, "ಅರೇ ವಾಹ್."

ಇಬ್ಬರೂ ಒಟ್ಟಿಗೇ ಎದ್ದರು. ಗಾಜು ಇದ್ದದ್ದು ಒಂದು ಮುಖದಗಲ. ಸರ್ ನೋಡಿದರು, ಆಮೇಲೆ ಪಕ್ಕಕ್ಕೆ ಸರಿದರು.

"ನೋಡ್ರಿ."

ಯಲಗೂರಪ್ಪ ಮುಖ ಒಡ್ಡಿದ. ಪರದೆಯ ನಟ್ಟನಡುವೆ ಸಾಸಿವೆಯಷ್ಟು ಹಳದಿ, ಅಲುಗದೆ ನಿಂತಿತ್ತು. ನೋಡುತ್ತಿದ್ದ ಹಾಗೆಯೇ ಅವನ ಉಸಿರು ತಾಗಿ ಗಾಜು ಮಸುಕಾಯಿತು. ಗುಲಾಬಿ ಹೆಬ್ಬೆರಳಿನಿಂದ ಒರೆಸಿದ. ಮತ್ತೆ ಮಸುಕಾಯಿತು.