ಹುಬ್ಬು ಹೇಳಿದ ಉತ್ತರ

ಲೆಕ್ಕದಲ್ಲಿ ನಾನೇ ಅಷ್ಟಕ್ಕಷ್ಟೆ. ಆದರೂ ಲೆಕ್ಕದ ಮೇಡಂ ಒಬ್ಬರ ಕತೆ ಹೇಳಹೊರಟಿದ್ದೇನೆ, ಮನ್ನಿಸಬೇಕು.

ಈ ಮೇಡಂ ಐದನೇ ತರಗತಿಯ ಮಕ್ಕಳನ್ನು ವರ್ಷಕ್ಕೆ ಮೂರು ಸಲ, ಒಬ್ಬೊಬ್ಬರನ್ನಾಗಿ, ಎದುರಿಗೆ ಕೂರಿಸಿಕೊಂಡು ಬಾಯಿಲೆಕ್ಕ ಕೇಳುತ್ತಿದ್ದರು. ಯಾವ ಮಗು ಯಾವ ತರಗತಿಯ ಮಟ್ಟದಲ್ಲಿದೆ ಎಂದು ಹಾಳೆಯಲ್ಲಿ ಬರೆಯಬೇಕು. ಹಿಂದುಳಿದವರಿಗೆ ಸಂಜೆ ಪಾಠ. ಐದನೇ ಮಟ್ಟ ಮುಟ್ಟಿದವರಿಗೆ ಅದು ನಿಲ್ಲುತ್ತದೆ. ಈ ಸಲ ಎಲ್ಲರೂ ಐದು ಮುಟ್ಟಿಬಿಟ್ಟಿದ್ದರು! ಮೊದಲ ಸಲ ಮೂರರಲ್ಲೇ ಮುಗ್ಗರಿಸಿದ್ದ, ಎಲ್ಲರೂ ಗುಬ್ಬಿ ಎಂದು ಕರೆಯುವ ಹುಡುಗಿ ಕೂಡ. ಮೇಡಂ ಹಿಗ್ಗಿ ಹೀರೇಕಾಯಿಯಾದರು.

ಕಿಟಕಿಯ ಬಳಿ ಕುಂಚ ಒರೆಸುತ್ತಿದ್ದ ಡ್ರಾಯಿಂಗ್ ಮೇಷ್ಟ್ರು ಮಾತ್ರ ಮುಸಿಮುಸಿ ನಕ್ಕರು.

“ಏನ್ ಮೇಷ್ಟ್ರೇ, ಹೊಟ್ಟೆಕಿಚ್ಚಾ?”

“ಛೆ, ಇಲ್ಲಕ್ಕ. ಮಕ್ಕಳು ನಿಮ್ಮ ಹುಬ್ಬು ಓದೋದು ಕಲ್ತಿದ್ದಾರೆ. ತಪ್ಪು ಹೇಳಿದ್ರೆ ಮೇಲೇರುತ್ತೆ, ಸರಿ ಹೇಳಿದ್ರೆ ಇಳಿಯುತ್ತೆ. ಇಳಿಯೋವರೆಗೂ ಒಂದೊಂದೇ ಸಂಖ್ಯೆ ಬಿಡ್ತಾ ಹೋಗ್ತಾರೆ. ಬೇಕಾದ್ರೆ ಚಿತ್ರ ಬರ್ದು ತೋರಿಸ್ಲಾ?”

ಮೇಡಂ ಹಾಳೆಯನ್ನು ಮತ್ತೆ ನೋಡಿದರು. ಹಾಳೆ ಹೀಗೇ ಹೋದರೆ ಗುಬ್ಬಿಗೆ ಸಂಜೆ ಪಾಠ ತಪ್ಪುತ್ತದೆ. ಬರುವ ವರ್ಷ ಆರನೇ ತರಗತಿಯಲ್ಲಿ ಪಾಪ, ಕಣ್ಣುಕಣ್ಣು ಬಿಡುತ್ತಾಳೆ. ಮೇಡಂ ಅವಳನ್ನು ಮತ್ತೆ ಕರೆದರು. ಹಾಜರಿ ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದು ಕೇಳಿದರು.

“ನಾನೂರ ಮೂರರಲ್ಲಿ ನೂರ ಅರವತ್ತೇಳು ಕಳೆ.”

“ಇನ್ನೂರ ನಲವತ್ತಾರು…” ಗುಬ್ಬಿ ಕತ್ತು ಚಾಚಿದಳು. “ಮೇಡಂ, ಪುಸ್ತಕ ಸ್ವಲ್ಪ ಇಳಿಸ್ತೀರಾ?”

“ಯಾಕಮ್ಮಾ?”

“ಉತ್ತರ ಕಾಣ್ತಿಲ್ಲ.”

ಮೇಷ್ಟ್ರ ಕೈಯಿಂದ ಕುಂಚ ಬಿತ್ತು.

ಮೇಡಂ ಪುಸ್ತಕ ಇಳಿಸಲಿಲ್ಲ. ಗುಬ್ಬಿ ತುಟಿ ಕಚ್ಚಿದಳು, ಮೇಜಿನ ಕೆಳಗೆ ಬೆರಳು ಮಡಚಿದಳು, ಸೂರು ನೋಡಿದಳು. “ಇನ್ನೂರ ಮೂವತ್ತಾರು. ಅಲ್ವಾ?”

ಯಾರೂ ಹ್ಞೂಂ ಅನ್ನಲಿಲ್ಲ. ಮುಂದಿನ ಲೆಕ್ಕಗಳನ್ನೂ ಹಾಗೇ ತಿಣುಕುತ್ತಾ ನಾಲ್ಕನೇ ಮಟ್ಟದವರೆಗೆ ದಾಟಿದಳು. ಐದರ ಭಾಗಾಕಾರ ಬಂದಾಗ, “ಇದು ನನಗ್ ಬರಲ್ಲ ಮೇಡಂ,” ಎಂದು ಕೈಚೆಲ್ಲಿದಳು.

ಮೇಡಂ ಐದನ್ನು ಅಳಿಸಿ ನಾಲ್ಕು ಬರೆದರು. ಉಳಿದ ಮಕ್ಕಳನ್ನೂ ನಾಳೆಯಿಂದ ಪುಸ್ತಕದ ಹಿಂದಿನಿಂದಲೇ ಕೇಳಬೇಕು.

“ಹಾಗಾದ್ರೆ ಸಂಜೆ ಪಾಠ ಇದ್ಯಾ?”

“ಇದೆ ಕಣೇ.”

“ಪಾಠದಲ್ಲಾದ್ರೂ ಹುಬ್ಬು ತೋರಿಸ್ತೀರಾ?”

ಇನ್ನೂರ ಮೂವತ್ತಾರು ಎನ್ನುವ ಮೊದಲು ಪುಸ್ತಕ ತುಸು ಜಾರಿತ್ತು ಎನ್ನುತ್ತಾರೆ ಮೇಷ್ಟ್ರು. ಜಾರಲೇ ಇಲ್ಲ ಎನ್ನುತ್ತಾರೆ ಮೇಡಂ. ಯಾರ ಮಾತು ಸರಿಯೋ, ಆ ಉತ್ತರ ಗುಬ್ಬಿಯದೋ ಹುಬ್ಬಿನದೋ, ನನಗಂತೂ ಗೊತ್ತಿಲ್ಲ.