ಅಕ್ಕನ ಎದುರಿನ ಸ್ಪೀಕರ್

ಅಕ್ಕನಿಗೆ ತೊದಲು. ಹಾಗಾಗಿ ಚಿಕ್ಕಂದಿನಿಂದಲೂ ಅವಳ ಮಾತನ್ನೆಲ್ಲ ತಮ್ಮನೇ ಆಡಿದ್ದ. ಅವಳನ್ನು ನೋಡಲು ಬಂದ ಗಂಡುಗಳಿಗೆ "ಅಕ್ಕನಿಗೆ ಇಷ್ಟ ಇಲ್ವಂತೆ" ಎಂದು ಹೇಳಿ ಕಳಿಸಿದವನೂ ಅವನೇ.

ಈಗ ಅವಳು ತನ್ನ ಕಾರ್ಖಾನೆಯ ಕಾರ್ಮಿಕ ಸಂಘದ ಚುನಾವಣೆಗೆ ನಿಂತಿದ್ದಳು. ಸಭಾಂಗಣದ ಮೈಕು, ಸ್ಪೀಕರುಗಳೆಲ್ಲ ತಮ್ಮನ ಉಸ್ತುವಾರಿ. ಪ್ರಚಾರ ಸಭೆಯ ಹಿಂದಿನ ದಿನ ಅವಳನ್ನು ಮೈಕಿನ ಮುಂದೆ ನಿಲ್ಲಿಸಿ, ಅವಳ ದನಿ ಅವಳಿಗೇ ಕೇಳಲೆಂದು ಎದುರಿಗಿಟ್ಟ ಸ್ಪೀಕರಿಗೆ ಹೊಸ ಡಿಜಿಟಲ್ ಫಿಲ್ಟರ್ ಹಾಕಿ ನೋಡಿದ. ಅದು ದನಿಯನ್ನು ಚೊಕ್ಕವಾಗಿ ಸೋಸುತ್ತಿತ್ತು, ಆದರೆ ಸೋಸುವಷ್ಟರಲ್ಲಿ ಒಂದು ಚೂರು ತಡವಾಗುತ್ತಿತ್ತು. ತನ್ನ ದನಿ ತನಗೇ ತಡವಾಗಿ ಕೇಳಿದರೆ ಎಂಥ ಮಾತುಗಾರನೂ ತಡವರಿಸುತ್ತಾನೆ. ತೊದಲುವ ಅಕ್ಕನಿಗೆ ಮಾತ್ರ ಅದು ತಿರುವುಮುರುವಾಯಿತು. ಅವಳು ಅರಳು ಹುರಿದಂತೆ ಇಡೀ ಭಾಷಣ ಮುಗಿಸಿದಳು!

"ಏನೋ ಮಾಡ್ದೆ?" ಎಂದು ಅವನ ಕೈ ಹಿಡಿದು ಅತ್ತಳು. "ನಾ... ನಾಳೇನೂ ಇದನ್ನೇ ಹಾಕೋ, ನಿನ್ನ ದಮ್ಮಯ್ಯ."

"ಹಾಕ್ತೀನಿ ಬಿಡಕ್ಕ."

ಅಕ್ಕನಿಗೆ ನಾಲಿಗೆ ಬಂದರೆ ತಮ್ಮನಿಗೇನು ಕೆಲಸ? ಮರುದಿನ ಸಭೆ ತುಂಬುವ ಮೊದಲೇ ಅವನು ಆ ಫಿಲ್ಟರ್ ತೆಗೆದು, ತಡಮಾಡದ ಇನ್ನೊಂದನ್ನು ಹಾಕಿದ.

ಅಕ್ಕ ಮೊದಲ ಪದದಲ್ಲೇ ಸಿಕ್ಕಿಕೊಂಡಳು. ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅವಳು ತಿರುಗಿ ತಮ್ಮನನ್ನು ನೋಡಿದಳು. ಅವನು ವೇದಿಕೆ ಹತ್ತಿ ಬಂದು, ಅವಳ ಬೆನ್ನು ಸವರಿ, ಮೈಕನ್ನು ತನ್ನ ಕಡೆ ತಿರುಗಿಸಿಕೊಂಡ.

"ಚುನಾವಣೆಗೆ ನಿಲ್ಲೋದು ನಮ್ಮಕ್ಕನಿಗೆ ಇಷ್ಟ ಇಲ್ವಂತೆ."