ಚಿಕ್ಕಗಂಗಮ್ಮನ ಪದಗಳು

ಗೋಪೀನಾಥ ಒಳ್ಳೆಯ ಮನುಷ್ಯ. ಈ ಮಾತನ್ನು ಮೊದಲೇ ಹೇಳಿಬಿಡಬೇಕು, ಮುಂದೆ ಹೇಳುವುದಕ್ಕೆ ಸಂದರ್ಭ ಸಿಗಲಿಕ್ಕಿಲ್ಲ. ರಾಜಾಜಿನಗರದಲ್ಲಿ ಮನೆ, ವಿಮೆ ಕಚೇರಿಯಲ್ಲಿ ಗುಮಾಸ್ತೆ ಕೆಲಸ, ಭಾನುವಾರ ಬಂತೆಂದರೆ ಹೆಗಲಿಗೆ ಕ್ಯಾಮೆರಾ. ದುಡಿಯುವವರ ಬದುಕು ಕಣ್ಣೆದುರೇ ಕರಗಿಹೋಗುತ್ತಿದೆ, ಯಾರಾದರೂ ಹಿಡಿದಿಡಬೇಕು ಎಂಬ ಹುಳ ಅವನ ತಲೆಗೆ ಹೊಕ್ಕಿತ್ತು. ಆ ಯಾರಾದರೂ ತಾನೇ ಎಂಬುದರಲ್ಲಿ ಅವನಿಗೆ ಅನುಮಾನವೇ ಇರಲಿಲ್ಲ.

ಎಂಬತ್ತಮೂರರ ಬೇಸಿಗೆಯಲ್ಲಿ ಹೀಗೆ ಅಲೆಯುತ್ತ ಬಾಪೂಜಿ ನಗರದ ಒಂದು ವಠಾರಕ್ಕೆ ಬಂದ. ಅಲ್ಲಿ ಚಿಕ್ಕಗಂಗಮ್ಮ ಎಂಬ ಐವತ್ತು ದಾಟಿದ ಹೆಂಗಸು ಮಣೆಯ ಮುಂದೆ ಕೂತು, ಕರಿಹಿಟ್ಟಿನ ಉಂಡೆಯಿಂದ ಚಿವುಟಿ ಚಿವುಟಿ ಕಡ್ಡಿಗೆ ಸುತ್ತಿ ಊದುಬತ್ತಿ ಹೊಸೆಯುತ್ತಿದ್ದಳು. ಕೈ ಹೊಸೆಯುತ್ತಿದ್ದರೆ ಬಾಯಿ ಪದ ಹಾಡುತ್ತಿತ್ತು. ಮಾಗಡಿ ಕಡೆಯ ರಾಗಿ ಬೀಸುವ ಪದಗಳು, ತವರಿನಿಂದ ತಂದವು. ಅಕ್ಕಪಕ್ಕದ ಹೆಂಗಸರೂ ತಮ್ಮ ತಮ್ಮ ಮಣೆ ಎತ್ತಿಕೊಂಡು ಬಂದು ಅವಳ ಸುತ್ತ ಕೂರುತ್ತಿದ್ದರು. ಆ ದನಿ ಕೇಳುತ್ತಿದ್ದರೆ ಬೆನ್ನುನೋವು ಗೊತ್ತಾಗುವುದಿಲ್ಲವಂತೆ. ಮಗಳು ನೀಲಮ್ಮ ಹೊಸೆದ ಕಡ್ಡಿಗಳನ್ನು ಅಂಗಳದಲ್ಲಿ ಒಣಗಲು ಹರಡುತ್ತಿದ್ದಳು.

ಕೋಣೆಗೆ ಇದ್ದದ್ದು ಒಂದೇ ಕಿಟಕಿ. ಫ್ಲಾಷ್ ಹಾಕಿದರೆ ಇದ್ದದ್ದು ಇದ್ದ ಹಾಗೆ ಬರುವುದಿಲ್ಲ ಎಂದು ಗೋಪೀನಾಥ ಅದನ್ನು ಮುಟ್ಟುತ್ತಲೇ ಇರಲಿಲ್ಲ. ಅಂಥ ಮಂದ ಬೆಳಕಿನಲ್ಲಿ ಎದುರಿಗಿದ್ದವರು ಅರೆಗಳಿಗೆಯಾದರೂ ಅಲ್ಲಾಡದೆ ಇರಬೇಕು. ಚಿಕ್ಕಗಂಗಮ್ಮನೋ ಪದದ ಜೊತೆ ತಾನೂ ತೂಗುವವಳು. ಮೊದಲ ರೋಲು ತೊಳೆದು ನೋಡಿದರೆ ಮುಖವೆಲ್ಲ ಕಲಸಿಹೋಗಿತ್ತು.

ಮುಂದಿನ ಭಾನುವಾರ ಅವನು ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ಕೂರಿಸಿ, ಹೆಂಗಸರೆಲ್ಲರ ಎದುರಿಗೇ ಹೇಳಿದ: "ಅಮ್ಮಾ, ಆ ಪದ ಸ್ವಲ್ಪ ನಿಲ್ಲಿಸ್ತೀರಾ?"

ಯಾಕೆಂದು ಹೇಳಲಿಲ್ಲ. ಅವನ ಗಮನವೆಲ್ಲ ಕಿಟಕಿಯ ಬೆಳಕಿನ ಮೇಲಿತ್ತು. ಚಿಕ್ಕಗಂಗಮ್ಮ ಅರ್ಧಕ್ಕೇ ನಿಲ್ಲಿಸಿದಳು, ತುಟಿ ಬಿಗಿದುಕೊಂಡು ಹೊಸೆದಳು. ಅವನು ಆರು ಪಟ ತೆಗೆದು, ಬಸ್ಸಿಗೆ ಹೊತ್ತಾಯಿತೆಂದು ಗಡಿಬಿಡಿಯಲ್ಲಿ ಹೊರಟುಬಿಟ್ಟ.

ಅವುಗಳಲ್ಲಿ ಒಂದಕ್ಕೆ ಛಾಯಾಚಿತ್ರ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಬಂತು. 'ಶ್ರಮದ ಮೌನ' ಎಂದು ಅದಕ್ಕೆ ಹೆಸರಿಟ್ಟಿದ್ದ. ನೋಡಿದವರು ಆ ಮುಚ್ಚಿದ ತುಟಿಗಳಲ್ಲಿ ಏನೇನೋ ನೋವು ಕಂಡು ತಲೆದೂಗಿದರು. ಚಿಕ್ಕಗಂಗಮ್ಮನಿಗೊಂದು ಪ್ರತಿ ಕೊಟ್ಟುಬರಬೇಕೆಂದು ಗೋಪೀನಾಥ ಪ್ರತಿ ಭಾನುವಾರವೂ ಅಂದುಕೊಂಡ. ಅಂದುಕೊಳ್ಳುವುದರಲ್ಲೇ ಮೂರು ವರ್ಷ ಕಳೆಯಿತು.

ಆಮೇಲೆ ಅವನ ಗೆಳೆಯ ಕಿಟ್ಟಿ ಊದುಬತ್ತಿ ಹೊಸೆಯುವವರ ಮೇಲೆ ಸಾಕ್ಷ್ಯಚಿತ್ರ ಮಾಡಲು ಹೊರಟ. ಅದಕ್ಕೆ ಹಾಡು ಬೇಕೆಂದಾಗ ಗೋಪೀನಾಥನಿಗೆ ಥಟ್ಟನೆ ನೆನಪಾದದ್ದು ಆ ದನಿ. ಯಾವ ಪುಸ್ತಕದಲ್ಲೂ ಇಲ್ಲದ ಪದಗಳು, ಆಕೆ ಇರುವಾಗಲೇ ಹಿಡಿದಿಡಬೇಕು ಎಂದು ಚಡಪಡಿಸಿದ. ಟೇಪ್ ರೆಕಾರ್ಡರು ಹೊತ್ತುಕೊಂಡು, ಬಹುಮಾನದ ಪಟಕ್ಕೆ ಕಟ್ಟು ಹಾಕಿಸಿಕೊಂಡು ಬಾಪೂಜಿ ನಗರಕ್ಕೆ ಹೋದ.

ಕೋಣೆಯಲ್ಲಿ ನೀಲಮ್ಮ ಒಬ್ಬಳೇ ಕೂತು ಹೊಸೆಯುತ್ತಿದ್ದಳು. ಅವ್ವ ತೀರಿಕೊಂಡು ಎಂಟು ತಿಂಗಳಾಯಿತು ಎಂದಳು. ಗೋಪೀನಾಥ ಟೇಪ್ ರೆಕಾರ್ಡರನ್ನು ಕೆಳಗಿಟ್ಟ. ನಿನಗಾದರೂ ಆ ಪದಗಳು ಬರುತ್ತವೇನಮ್ಮ ಎಂದು ಕೇಳಿದ. ದಿನವೂ ಕಿವಿಗೆ ಬೀಳುತ್ತಿದ್ದಾಗ ಕಲಿಯಬೇಕೆಂದು ಯಾರಿಗೆ ಹೊಳೆಯುತ್ತದೆ ಎಂದಳು ಅವಳು. ಯಾವ ಪದ ಹಿಡಿದರೂ ಎರಡು ಸಾಲಿಗೆ ತುಂಡಾಗುತ್ತಿತ್ತು.

ಬೇರೇನೂ ತೋಚದೆ ಅವನು ಪಟವನ್ನು ಅವಳ ಕೈಗಿಟ್ಟ. ಅವಳು ಕೈ ಒರೆಸಿಕೊಂಡು ತುಂಬ ಹೊತ್ತು ನೋಡಿದಳು. ಇದು ನಿಮ್ಮವ್ವನ ಹಾಗೆ ಬಂದಿಲ್ಲ, ಹಾಡುತ್ತಾ ಇರುವಾಗಲೇ ತೆಗೆಯಬೇಕಿತ್ತು, ತಪ್ಪಾಯಿತು ಎಂದ ಗೋಪೀನಾಥ.

"ಸರಿಯಾಗೇ ಬಂದೈತೆ ಸಾರ್," ಎಂದಳು ನೀಲಮ್ಮ. "ಆವತ್ತಿಂದ ಅವ್ವ ಹಿಂಗೇ ಕೂತ್ಕಂತಿತ್ತು."

ಅವನಿಗೆ ಅರ್ಥವಾಗಲಿಲ್ಲ. ಅವಳೇ ಬಿಡಿಸಿ ಹೇಳಿದಳು, ದೂರುವ ದನಿಯೇನೂ ಇರಲಿಲ್ಲ. ಓದಿದವರ ಕಿವಿಗೆ ನನ್ನ ದನಿ ಹಿಡಿಸಲಿಲ್ಲ, ನಾಲ್ಕು ಜನರ ಮುಂದೆ ಬಾಯಿ ಮುಚ್ಚು ಅನ್ನಿಸಿಕೊಂಡೆ ಎಂದು ಅವ್ವ ಕುಗ್ಗಿಹೋಗಿದ್ದಳಂತೆ. ಹೆಂಗಸರು ಎಷ್ಟು ಗೋಗರೆದರೂ ಮತ್ತೆ ಬಾಯಿ ಬಿಡಲಿಲ್ಲವಂತೆ. ಒಬ್ಬೊಬ್ಬರಾಗಿ ಅವರೂ ಬರುವುದು ಬಿಟ್ಟರಂತೆ.

ಗೋಪೀನಾಥನಿಗೆ ನಾಚಿಕೆಯಾಯಿತು. ಬೆಳಕು ಕಡಿಮೆಯಿತ್ತು, ಹಾಡುವಾಗ ತಲೆ ಅಲ್ಲಾಡುತ್ತಿತ್ತು, ಅಲ್ಲಾಡಿದರೆ ಮುಖ ಕಲಸಿಹೋಗುತ್ತದೆ, ಅದಕ್ಕೇ ಹಾಗಂದದ್ದು, ದನಿ ಎಷ್ಟು ಚೆನ್ನಾಗಿತ್ತು ಎಂದು ಒಂದೇ ಉಸಿರಿಗೆ ವಿವರಿಸಿದ.

ನೀಲಮ್ಮ ಎಲ್ಲವನ್ನೂ ಕೇಳಿಸಿಕೊಂಡಳು.

"ಅಷ್ಟೇನಾ ಸಾರ್?" ಎಂದಳು. "ಆ ಒಂದ್ ಮಾತು ಅವ್ವಂಗೆ ಆವತ್ತೇ ಹೇಳ್ಬಾರ್ದಾಗಿತ್ತಾ?"